ಆಯ್ಕೆ ಸಮಿತಿಯ ಮುಂದೆ ಇಡುವ ಚಿತ್ರಗಳು: ಇಳಕಲ್ಲಿನ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಇಳಕಲ್ಲಿನ ನೇಕಾರ ಕುಟುಂಬದವಳು. ವಿಜಯಪುರದಲ್ಲಿ ದೃಶ್ಯಕಲಾ ಪದವಿಯ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ವರ್ಷ ಎರಡು ಸ್ಪರ್ಧಾತ್ಮಕ ಕಲಾ ಪ್ರದರ್ಶನಗಳಿಗೆ ನಾಲ್ಕು ಚಿತ್ರಗಳನ್ನು ಕಳುಹಿಸಿದ್ದೆ: ಗೋಳಗುಮ್ಮಟದ ಒಂದು ದೃಶ್ಯ, ಅಜ್ಜಿಯ ಭಾವಚಿತ್ರ, ಒಂದು ಅಮೂರ್ತ ರಚನೆ ಮತ್ತು ನಮ್ಮ ಮನೆಯ ಮಗ್ಗದ ಚಿತ್ರ. ಒಂದೂ ಆಯ್ಕೆಯಾಗಲಿಲ್ಲ. ಆಯ್ಕೆದಾರರು ನಿಜವಾಗಿ ಏನನ್ನು ನೋಡುತ್ತಾರೆ? ಅಮೂರ್ತ ಚಿತ್ರಗಳಿಗೆ ಮಾತ್ರ ಮನ್ನಣೆಯೇ? ಚಿತ್ರ ದೊಡ್ಡದಾಗಿರಬೇಕೇ? ತೈಲವರ್ಣ ಒಳ್ಳೆಯದೋ, ಆಕ್ರಿಲಿಕ್ಕೋ? ಬೆಲೆಯನ್ನು ಎಷ್ಟೆಂದು ಬರೆಯಬೇಕು? ನಾಲ್ಕೂ ಚಿತ್ರಗಳ ಫೋಟೋಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ನಾಲ್ಕೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಕೈ ಚೆನ್ನಾಗಿ ಪಳಗಿದೆ. ಅಜ್ಜಿಯ ಕೆನ್ನೆಯ ಮೂಳೆಯ ಕೆಳಗಿನ ನೆರಳನ್ನು ಕಪ್ಪು ಬೆರೆಸದೆ, ಹಸಿರು ಛಾಯೆಯ ಮಣ್ಣುಬಣ್ಣದಿಂದ ತಂದಿರುವುದು ಮೂರನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಸುಲಭಕ್ಕೆ ಕಾಣಸಿಗುವ ಕೌಶಲವಲ್ಲ. ಆದರೆ ಹೆಸರು ಮುಚ್ಚಿಟ್ಟು ತೋರಿಸಿದರೆ ಈ ನಾಲ್ಕನ್ನೂ ಒಬ್ಬರೇ ಬರೆದಿದ್ದಾರೆಂದು ಯಾರೂ ಹೇಳಲಾರರು. ತೊಂದರೆ ಇರುವುದು ಅಲ್ಲಿ. ಗೋಳಗುಮ್ಮಟವನ್ನು ನೀವು ನೋಡಿದ್ದು ಒಂದು ಕಣ್ಣಿನಿಂದ, ಮಗ್ಗವನ್ನು ನೋಡಿದ್ದು ಇನ್ನೊಂದು ಕಣ್ಣಿನಿಂದ; ಅಮೂರ್ತ ರಚನೆಯನ್ನಂತೂ ಇಂಥದ್ದೊಂದು ಇರಲೇಬೇಕು ಎಂಬ ಅನಿಸಿಕೆಯಿಂದ ಮಾಡಿದಂತಿದೆ. ಒಬ್ಬ ಕಲಾವಿದರ ಎಲ್ಲ ಪ್ರವೇಶಗಳನ್ನು ಸಾಮಾನ್ಯವಾಗಿ ಒಟ್ಟಿಗೇ ನೋಡುವುದರಿಂದ, ಎಲ್ಲವನ್ನೂ ಬಲ್ಲೆನೆಂದು ತೋರಿಸುವ ನಾಲ್ಕು ಬಗೆಯ ಚಿತ್ರಗಳಿಗಿಂತ ಒಂದೇ ವಿಷಯದ ಬೆನ್ನು ಹತ್ತಿ ಹೋದ ಎರಡು ಮೂರು ಚಿತ್ರಗಳು ಹೆಚ್ಚು ದೃಢವಾಗಿ ನಿಲ್ಲುತ್ತವೆ. ಮುಂದಿನ ವರ್ಷಕ್ಕೆ ನಿಮ್ಮ ವಿಷಯ ಮಗ್ಗವೇ ಆಗಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಈಗ ಬಹಳಷ್ಟು ಪ್ರದರ್ಶನಗಳಲ್ಲಿ ಮೊದಲ ಸುತ್ತು ನಡೆಯುವುದು ಫೋಟೋಗಳ ಮೇಲೆ. ಪರದೆಯ ಮೇಲೆ ನೂರಾರು ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದಕ್ಕೆ ಸಿಗುವುದು ಕೆಲವೇ ಕ್ಷಣಗಳ ಗಮನ. ಆ ಕ್ಷಣಗಳಲ್ಲಿ ಸೂಕ್ಷ್ಮ ಕುಸುರಿ ಕಾಣುವುದಿಲ್ಲ. ಬೆಳಕು ನೆರಳುಗಳ ದೊಡ್ಡ ಹಂಚಿಕೆ, ಸಂಯೋಜನೆಯ ಬಲ ಮತ್ತು ಬಣ್ಣದ ಒಟ್ಟು ಸ್ವಭಾವ ಇವಿಷ್ಟೇ ಕಾಣುತ್ತವೆ. ಅಲ್ಲಿ ಉಳಿದ ಚಿತ್ರಗಳ ಮೂಲಕೃತಿಗಳನ್ನು ತರಿಸಿ ನೋಡುವ ಎರಡನೆಯ ಸುತ್ತಿನಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ. ಬಣ್ಣದ ಪದರ, ಅಂಚುಗಳ ನಿರ್ವಹಣೆ, ಕ್ಯಾನ್ವಾಸಿನ ಬಿಗಿ, ಚೌಕಟ್ಟಿನ ಅಚ್ಚುಕಟ್ಟು ಎಲ್ಲವೂ ಆಗ ಪರೀಕ್ಷೆಗೆ ಒಳಗಾಗುತ್ತವೆ. ದೂರದಿಂದ ಹಿಡಿದು ನಿಲ್ಲಿಸುವ, ಹತ್ತಿರ ಹೋದಾಗ ಕೈಬಿಡದ ಚಿತ್ರ ಬೇಕಾಗುವುದು ಈ ಎರಡು ಸುತ್ತುಗಳ ಕಾರಣದಿಂದ. ಚಿತ್ರ ಬರೆಯುತ್ತಿರುವಾಗಲೇ ಅದರ ಫೋಟೋ ತೆಗೆದು, ಫೋನಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಬಣ್ಣ ತೆಗೆದು ಕಪ್ಪು ಬಿಳುಪಿನಲ್ಲಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎಲ್ಲವೂ ಒಂದೇ ಬೂದುಬಣ್ಣಕ್ಕೆ ತಿರುಗಿದರೆ ಬೆಳಕು ನೆರಳಿನ ಹಂಚಿಕೆ ಇನ್ನೂ ಗಟ್ಟಿಯಾಗಿಲ್ಲ ಎಂದು ಅರ್ಥ. ನಿಮ್ಮ ಮಗ್ಗದ ಚಿತ್ರವನ್ನು ನಾನು ಹೀಗೆ ನೋಡಿದಾಗ ಅದು ಪೂರ್ತಿ ಬೂದಾಯಿತು. ಅಜ್ಜಿಯ ಚಿತ್ರ ಉಳಿಯಿತು.

ಮಗ್ಗದ ಚಿತ್ರವನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ನೀವು ಬಾಗಿಲಲ್ಲಿ ನಿಂತು ಇಡೀ ಕುಣಿಮಗ್ಗವನ್ನು ಬರೆದಿದ್ದೀರಿ: ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನಿಮ್ಮ ತಂದೆ, ಗೋಡೆಯ ಕ್ಯಾಲೆಂಡರ್, ಮೂಲೆಯ ರಾಟೆ, ಕಿಟಕಿ, ಮೊಳೆಗೆ ತೂಗುಹಾಕಿದ ನೂಲಿನ ಲಡಿ. ಎಲ್ಲಕ್ಕೂ ಒಂದೇ ತೂಕ, ಎಲ್ಲದರ ಅಂಚೂ ಒಂದೇ ಹರಿತ. ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕೆಂದು ಚಿತ್ರ ಹೇಳುವುದಿಲ್ಲ. ಆದರೆ ಕೆಳಗಿನ ಬಲಭಾಗದಲ್ಲಿ ಅಂಗೈಯಗಲದ ಒಂದು ಜಾಗವಿದೆ. ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿದು ಸೆರಗಿನ ಕೆಂಪು ರೇಷ್ಮೆಯ ಹಾಸು ಅದಕ್ಕೆ ಕೊಂಡಿಗಳಿಂದ ಕೂಡಿಕೊಳ್ಳುವ ಆ ಜಾಗದಲ್ಲಿ ನಿಮ್ಮ ಕುಂಚ ನಿಧಾನವಾಗಿದೆ, ಬಣ್ಣ ತೆಳುವಾಗಿದೆ, ಎಳೆಗಳ ನಡುವೆ ಗಾಳಿ ಆಡುತ್ತಿದೆ. ಇಳಕಲ್ ಸೀರೆಯ ಟೋಪತೆನಿ ವಿನ್ಯಾಸದ ಸೆರಗನ್ನು ಊರ ಹೊರಗಿನ ಯಾರು ಬೇಕಾದರೂ ಬರೆದಾರು, ಏಕೆಂದರೆ ಅದು ಉಟ್ಟವರ ಮೈಮೇಲೆ ಎಲ್ಲರಿಗೂ ಕಾಣುತ್ತದೆ. ಎರಡು ಹಾಸುಗಳು ಎಳೆಗೆ ಎಳೆ ಕೂಡುವ ಈ ಗಳಿಗೆಯನ್ನು ಮಾತ್ರ ಮಗ್ಗದ ಪಕ್ಕ ಬೆಳೆದವರೇ ಹೀಗೆ ಕಂಡಿರಬಲ್ಲರು. ನಿಮ್ಮ ಮುಂದಿನ ಚಿತ್ರ ಹುಟ್ಟಬೇಕಾದದ್ದು ಆ ಅಂಗೈಯಗಲದಿಂದ.

ಹೀಗೆ ಮಾಡಿ. ಕ್ಯಾನ್ವಾಸು ಮುಟ್ಟುವ ಮುನ್ನ ಒಂದೆರಡು ತಿಂಗಳು ಕೇವಲ ರೇಖಾಚಿತ್ರಗಳನ್ನು ಬರೆಯಿರಿ. ಬೆಳಗಿನ ಬೆಳಕಿನಲ್ಲಿ ಹಾಸು ಹೇಗೆ ಕಾಣುತ್ತದೆ, ಸಂಜೆ ಬಲ್ಬು ಹಾಕಿದಾಗ ಹೇಗೆ, ಲಾಳಿ ಎಸೆಯುವ ಕೈ ಯಾವ ಕೋನದಲ್ಲಿ ನಿಲ್ಲುತ್ತದೆ, ಕುಣಿಯ ಕತ್ತಲಲ್ಲಿ ಕಾಲುಗಳು ಎಷ್ಟು ಕಾಣುತ್ತವೆ ಮತ್ತು ಎಷ್ಟು ಕಾಣುವುದಿಲ್ಲ ಎಂಬುದನ್ನು ಎದುರಿಗೆ ಕುಳಿತು ಗುರುತಿಸಿಕೊಳ್ಳಬೇಕು. ಫೋನಿನ ಫೋಟೋ ನೆನಪಿಗೆ ಇರಲಿ, ಆದರೆ ಅದನ್ನೇ ನೋಡಿಕೊಂಡು ಬರೆಯಬೇಡಿ. ಕ್ಯಾಮೆರಾ ಕುಣಿಯ ಕತ್ತಲನ್ನು ಒಂದೇ ಕಪ್ಪು ಮಾಡಿಬಿಡುತ್ತದೆ, ನಿಮ್ಮ ಕಣ್ಣು ಅದರೊಳಗೆ ನೀಲಿ ಮತ್ತು ಕಂದು ಛಾಯೆಗಳನ್ನು ಕಾಣುತ್ತದೆ. ಆಮೇಲೆ ಪೋಸ್ಟ್‌ಕಾರ್ಡಿನ ಅಳತೆಯಲ್ಲಿ ಬಣ್ಣದ ಅಭ್ಯಾಸಗಳನ್ನು ಮಾಡಿ, ಅವುಗಳಲ್ಲಿ ಮೂರನ್ನು ಆರಿಸಿ ದೊಡ್ಡದಾಗಿ ಬರೆಯಿರಿ. ಮೂರಕ್ಕೂ ಒಂದೇ ಅಳತೆ ಮತ್ತು ಒಂದೇ ವರ್ಣಪಟ್ಟಿ ಇದ್ದರೆ ಒಳಿತು. ತಂದೆಯ ಮುಖ ಚಿತ್ರದಲ್ಲಿ ಇರಲೇಬೇಕೆಂದಿಲ್ಲ. ಕೈಗಳು ಇದ್ದಲ್ಲಿ ಮುಖ ಇಲ್ಲದೆಯೂ ಮನುಷ್ಯ ಇರುತ್ತಾನೆ.

ಅಮೂರ್ತ ಚಿತ್ರಗಳಿಗೆ ಮಾತ್ರ ಮನ್ನಣೆಯೇ ಎಂದು ಕೇಳಿದ್ದೀರಿ. ಇಲ್ಲ. ಆಯ್ಕೆ ಸಮಿತಿಗಳಲ್ಲಿ ಬೇರೆ ಬೇರೆ ಒಲವಿನವರು ಇರುತ್ತಾರೆ, ವರ್ಷದಿಂದ ವರ್ಷಕ್ಕೆ ಸಮಿತಿಯೂ ಬದಲಾಗುತ್ತದೆ. ಅವರ ರುಚಿಯನ್ನು ಊಹಿಸಿ ಬರೆದ ಚಿತ್ರದಲ್ಲಿ ಆ ಊಹೆ ಎದ್ದು ಕಾಣುತ್ತದೆ. ನಮ್ಮ ಭಾಗದ ವಾಸ್ತವಿಕ ಚಿತ್ರಣದ ಪರಂಪರೆ ಸಣ್ಣದಲ್ಲ. ಬೆಳಗಾವಿಯ ಕಲಾವಿದ ಕೆ.ಬಿ. ಕುಲಕರ್ಣಿಯವರು ನಿಸರ್ಗವನ್ನು ಎದುರಿಗೆ ಕುಳಿತು ಬರೆಯುವುದನ್ನು ಒಂದು ತಲೆಮಾರಿಗೆ ಕಲಿಸಿದರು. 1935ರಲ್ಲಿ ಅದೇ ಊರಲ್ಲಿ ಹುಟ್ಟಿದ ರವಿ ಪರಾಂಜಪೆ ಈ ಕುಲಕರ್ಣಿಯವರ ಬಳಿಯೇ ಕಲಿತು ಮುಂಬೈಯ ಕಲಾಲೋಕದಲ್ಲಿ ಹೆಸರಾದರು. ವಾಸ್ತವಿಕತೆ ಕೊರತೆಯಲ್ಲ, ನೋಡದೆ ಬರೆದ ವಾಸ್ತವಿಕತೆ ಕೊರತೆ. ನಿಮ್ಮ ಗೋಳಗುಮ್ಮಟದ ಚಿತ್ರ ಸೋತದ್ದು ಹೀಗೆಯೇ. ನಡುವೆ ಗುಮ್ಮಟ, ಎರಡು ಪಕ್ಕ ಗೋಪುರ, ಮೇಲೆ ನೀಲಿ ಆಕಾಶ: ಇದು ಕ್ಯಾಲೆಂಡರಿನ ನೋಟ, ಆಯ್ಕೆದಾರರು ಇಂಥದ್ದನ್ನು ಬೇಕಾದಷ್ಟು ಕಂಡಿರುತ್ತಾರೆ. ಒಳಗೆ ಹೋಗಿ ತಲೆಯೆತ್ತಿದರೆ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಪರಸ್ಪರ ಛೇದಿಸುವ ಎಂಟು ಕಮಾನುಗಳು ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟವನ್ನು ಹೊತ್ತು ನಿಂತಿರುವುದು ಕಾಣುತ್ತದೆ. ಆ ಕಮಾನುಗಳ ಸಂಧಿಯೊಂದನ್ನು ಇದ್ದಿಲು ಕಡ್ಡಿಯಿಂದ ಬಿಡಿಸಲು ಕುಳಿತರೆ ಒಂದು ಋತುವೇ ಸಾಲದು. ವಿಜಯಪುರದಲ್ಲಿಯೇ ಇರುವ ನೀವು ಆ ಅವಕಾಶವನ್ನು ರೇಖಾಭ್ಯಾಸಕ್ಕಾದರೂ ಬಳಸಿಕೊಳ್ಳಬೇಕು.

ಚಿತ್ರದ ಅಳತೆಯ ಬಗ್ಗೆ ದೀರ್ಘವಾಗಿ ಹೇಳಬೇಕಾಗಿಲ್ಲ. ನಿಯಮಾವಳಿಯಲ್ಲಿ ಗರಿಷ್ಠ ಅಳತೆ ಕೊಟ್ಟಿರುತ್ತಾರೆ, ಅದನ್ನು ಮುಟ್ಟಲೇಬೇಕೆಂಬ ಕಡ್ಡಾಯವಿಲ್ಲ. ವಿಜಯಪುರದಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು ದೂರ. ಚಿತ್ರವನ್ನು ಬಸ್ಸಿನಲ್ಲೋ ರೈಲಿನಲ್ಲೋ ನೀವೇ ಒಯ್ಯಬೇಕಾದೀತು. ಎರಡೂವರೆ ಅಡಿಗೆ ಮೂರು ಅಡಿಯ ಚಿತ್ರ ಗೋಡೆಯ ಮೇಲೆ ಸಾಕಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ಒಬ್ಬರೇ ಹೊತ್ತೊಯ್ಯಲೂಬಹುದು.

ಮಾಧ್ಯಮದ ವಿಷಯ ಹಾಗಲ್ಲ, ಅದನ್ನು ವಿವರವಾಗಿ ಹೇಳಬೇಕು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ, ಗಾಳಿ ಒಣಗಿರುವ ನಮ್ಮ ಊರುಗಳಲ್ಲಿ ಆಕ್ರಿಲಿಕ್ ತಟ್ಟೆಯಲ್ಲಿಯೇ ಒಣಗಿ ತೊಗಲು ಕಟ್ಟುತ್ತದೆ. ಛಾಯೆಯಿಂದ ಛಾಯೆಗೆ ನಯವಾಗಿ ಹೊರಳುವುದಕ್ಕೆ ಸಮಯವೇ ಸಿಗುವುದಿಲ್ಲ. ನಿಮ್ಮ ಅಮೂರ್ತ ಚಿತ್ರದ ಹಿನ್ನೆಲೆಯಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದು ಇದೇ ಕಾರಣಕ್ಕೆ. ತಟ್ಟೆಯೊಳಗೆ ಒದ್ದೆ ಸ್ಪಂಜು ಮತ್ತು ಅದರ ಮೇಲೆ ಬಟರ್ ಪೇಪರ್ ಹಾಸಿಕೊಂಡು, ಆಗಾಗ ನೀರು ಸಿಂಪಡಿಸುತ್ತ, ಬೆಳಗಿನ ತಂಪಿನಲ್ಲಿ ಕೆಲಸ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಬಣ್ಣ ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಸಿಗುತ್ತದೆ, ಆದರೆ ಅತಿಯಾಗಿ ಬೆರೆಸಿದರೆ ಪದರ ಅಂಟಂಟಾಗಿಯೇ ಉಳಿಯುತ್ತದೆ.

ಮಗ್ಗದ ಚಿತ್ರಗಳಿಗೆ ನಾನು ತೈಲವರ್ಣವನ್ನೇ ಸೂಚಿಸುತ್ತೇನೆ, ಏಕೆಂದರೆ ಕುಣಿಯ ಕತ್ತಲು ಮತ್ತು ರೇಷ್ಮೆಯ ಹೊಳಪು ಎರಡಕ್ಕೂ ತೆಳುವಾದ, ಪಾರದರ್ಶಕವಾದ ಪದರಗಳು ಬೇಕು. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಹೆಚ್ಚು ಎಂಬ ಕ್ರಮವನ್ನು ಬಿಡಬೇಡಿ. ತಿರುವುಮುರುವಾದರೆ ಬೇಗ ಒಣಗಿದ ಮೇಲ್ಪದರವು ಕೆಳಗೆ ಇನ್ನೂ ಅಲುಗುತ್ತಿರುವ ಪದರದ ಮೇಲೆ ಬಿರುಕು ಬಿಡುತ್ತದೆ. ಮೊದಲ ಪದರಕ್ಕೆ ಬೇಗ ಒಣಗುವ ಬರ್ಂಟ್ ಅಂಬರ್ ಎಂಬ ಕಂದು ಸೂಕ್ತ. ಐವರಿ ಬ್ಲ್ಯಾಕ್ ಎಂಬ ಕಪ್ಪು ನಿಧಾನವಾಗಿ ಒಣಗುವುದರಿಂದ ಅದನ್ನು ತಳಕ್ಕೆ ಹಾಕಬಾರದು. ಆಕ್ರಿಲಿಕ್ ಪದರದ ಮೇಲೆ ತೈಲವರ್ಣ ಹಚ್ಚಬಹುದು, ತೈಲವರ್ಣದ ಮೇಲೆ ಆಕ್ರಿಲಿಕ್ ಎಂದಿಗೂ ಹಚ್ಚಬಾರದು. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗಿ. ಆದ್ದರಿಂದ ಮುಟ್ಟಿದರೆ ಅಂಟದಿದ್ದ ಮಾತ್ರಕ್ಕೆ ಚಿತ್ರ ಒಣಗಿದೆ ಎಂದು ತಿಳಿಯಬೇಡಿ. ಅಂತಿಮ ವಾರ್ನಿಶಿಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ. ಪ್ರದರ್ಶನದ ದಿನಾಂಕದಿಂದ ಹಿಂದಕ್ಕೆ ಎಣಿಸಿ ಕೆಲಸ ಆರಂಭಿಸಬೇಕಾಗುವುದು ಇದಕ್ಕೇ. ನೇಕಾರರ ಮನೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಹಸಿಬಣ್ಣಕ್ಕೆ ಹಿಡಿದರೆ ಒಣಗಿದ ಮೇಲೆ ತೆಗೆಯುವುದು ಕಷ್ಟ. ನಿಮ್ಮ ಚಿತ್ರದ ಫೋಟೋವನ್ನು ಹಿಗ್ಗಿಸಿದಾಗ ಕಿಟಕಿಯ ಬೆಳಕಿನ ಭಾಗದಲ್ಲಿ ಅಂಥ ಎಳೆಗಳು ಕಂಡವು. ಹಸಿ ಚಿತ್ರವನ್ನು ಮಗ್ಗವಿಲ್ಲದ ಕೋಣೆಯಲ್ಲಿ, ಮುಖವನ್ನು ಗೋಡೆಯ ಕಡೆಗೆ ತುಸು ಬಾಗಿಸಿ ಒಣಗಲು ಬಿಡಿ.

ಕೆಂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಇಳಕಲ್ ಸೀರೆಯ ಚಿತ್ರ ನಿಲ್ಲುವುದೂ ಬೀಳುವುದೂ ಅದರ ಕೆಂಪಿನ ಮೇಲೆ. ನೀವು ಬಳಸಿರುವುದು ಅಲಿಜರಿನ್ ಕ್ರಿಮ್ಸನ್ ಎಂದು ತೋರುತ್ತದೆ. ನಿಜವಾದ ಅಲಿಜರಿನ್, ಅಂದರೆ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪಿ.ಆರ್. 83 ಎಂದು ಇರುವ ಬಣ್ಣ, ತೆಳು ಪದರದಲ್ಲಿ ಅಥವಾ ಬಿಳಿಯೊಂದಿಗೆ ಬೆರೆತಾಗ ಬೆಳಕಿಗೆ ಮಾಸುತ್ತದೆ. ಅದರ ಬದಲು ಪಿ.ವಿ. 19 ಎಂಬ ಗುರುತಿನ ಕ್ವಿನಾಕ್ರಿಡೋನ್ ಬಣ್ಣವನ್ನು ತೆಗೆದುಕೊಂಡು, ಬರ್ಂಟ್ ಸಿಯೆನ್ನಾ ತುಸು ಸೇರಿಸಿದರೆ ಸೆರಗಿನ ಆಳವಾದ ಕೆಂಪು ಸಿಗುತ್ತದೆ, ಬಾಳಿಕೆಯೂ ಬರುತ್ತದೆ. ಬಣ್ಣ ಕೊಳ್ಳುವಾಗ ಹೆಸರಿಗಿಂತ ಈ ಗುರುತನ್ನು ಓದುವುದನ್ನು ರೂಢಿಸಿಕೊಳ್ಳಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಹತ್ತು ಅಗ್ಗದ ಟ್ಯೂಬುಗಳ ಬದಲು ಐದು ಒಳ್ಳೆಯ ಬಣ್ಣಗಳು ಮತ್ತು ದೊಡ್ಡದೊಂದು ಟೈಟೇನಿಯಂ ಬಿಳಿ ಸಾಕು. ಕಡಿಮೆ ಬಣ್ಣಗಳಿಂದ ಮೂರೂ ಚಿತ್ರಗಳಿಗೆ ತಾನಾಗಿಯೇ ಒಂದು ನಂಟು ಬರುತ್ತದೆ.

ಇನ್ನು ಫೋಟೋ. ಒಳ್ಳೆಯ ಚಿತ್ರಗಳು ಮೊದಲ ಸುತ್ತಿನಲ್ಲಿ ಸೋಲುವುದು ಹೆಚ್ಚಾಗಿ ಕೆಟ್ಟ ಫೋಟೋದಿಂದ, ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಅಜ್ಜಿಯ ಚಿತ್ರದ ಬದಿಗಳು ಹೊರಕ್ಕೆ ಉಬ್ಬಿವೆ; ಫೋನನ್ನು ತೀರ ಹತ್ತಿರ ಹಿಡಿದು ತೆಗೆದುದರ ಪರಿಣಾಮ ಅದು. ಹಿಂದೆ ಸರಿದು ನಿಂತು, ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಚಿತ್ರವನ್ನು ಗೋಡೆಗೆ ಒರಗಿಸದೆ ನೇರವಾಗಿ ತೂಗುಹಾಕಿ, ಕ್ಯಾಮೆರಾದ ಕಣ್ಣು ಚಿತ್ರದ ನಟ್ಟನಡುವಿಗೆ ಸಮನಾಗಿರಲಿ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ ಅಂಗಳದ ನೆರಳು ಎಲ್ಲಕ್ಕಿಂತ ಒಳ್ಳೆಯ ಸ್ಟುಡಿಯೋ. ಎದುರಿಗೆ ಗುಲಾಬಿ ಅಥವಾ ಹಸಿರು ಬಣ್ಣದ ಗೋಡೆಯಿದ್ದರೆ ಅದರ ಛಾಯೆ ಚಿತ್ರದ ಮೇಲೆ ಬೀಳುತ್ತದೆ, ಆದ್ದರಿಂದ ಜಾಗ ಬದಲಿಸಿ. ಚಿತ್ರದ ಪಕ್ಕದಲ್ಲಿ ಒಂದು ಬಿಳಿ ಹಾಳೆ ಸೇರುವಂತೆ ತೆಗೆದು, ಆ ಬಿಳಿ ನಿಜವಾದ ಬಿಳಿಯಾಗಿ ಕಾಣುವವರೆಗೆ ಬಣ್ಣ ಸರಿಪಡಿಸಿ, ಆಮೇಲೆ ಹಾಳೆಯನ್ನೂ ಹಿನ್ನೆಲೆಯನ್ನೂ ಕತ್ತರಿಸಿ ತೆಗೆಯಬೇಕು. ಫಿಲ್ಟರ್ ಹಾಕಿ ಹೊಳಪು ಹೆಚ್ಚಿಸಬೇಡಿ. ಎರಡನೆಯ ಸುತ್ತಿನಲ್ಲಿ ಮೂಲಕೃತಿ ಫೋಟೋಗಿಂತ ಮಂಕಾಗಿ ಕಂಡರೆ ಅದೇ ಮುಳುವಾಗುತ್ತದೆ. ಅರ್ಜಿ ತುಂಬಿಸುವ ಕಂಪ್ಯೂಟರ್ ಅಂಗಡಿಗೆ ವಾಟ್ಸಾಪಿನಲ್ಲಿ ಫೋಟೋವಾಗಿ ಕಳುಹಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವೇ ಪೆನ್ ಡ್ರೈವಿನಲ್ಲಿ ಒಯ್ಯಿರಿ.

ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನ ನಿಮ್ಮ ಮೊದಲ ಗುರಿಯಾಗಿರಲಿ. 1954ರಲ್ಲಿ ಸ್ಥಾಪನೆಯಾದ ದೆಹಲಿಯ ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನದಲ್ಲಿ ಇಡೀ ದೇಶದ ಕಲಾವಿದರು ಎದುರಾಗುತ್ತಾರೆ. 1888ರಿಂದ ನಡೆದುಬಂದಿರುವ ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನಕ್ಕೆ ಮುಂಬೈಗೆ ಹತ್ತಿರವಿರುವ ನಮ್ಮ ಜಿಲ್ಲೆಗಳವರು ಅವಶ್ಯವಾಗಿ ಪ್ರಯತ್ನಿಸಬೇಕು. ನಿಯಮಾವಳಿಯನ್ನು ಎರಡು ಬಾರಿ ಓದಿ: ಚಿತ್ರ ಎಷ್ಟು ವರ್ಷಗಳ ಒಳಗಿನದಾಗಿರಬೇಕು, ಬೇರೆಡೆ ಬಹುಮಾನ ಪಡೆದದ್ದು ಆಗುತ್ತದೆಯೇ, ವಿದ್ಯಾರ್ಥಿ ವಿಭಾಗ ಇದೆಯೇ, ಮರಳಿ ಕಳುಹಿಸುವ ವೆಚ್ಚ ಯಾರದು ಎಂಬುದೆಲ್ಲ ಅಲ್ಲಿರುತ್ತದೆ. ಬೇರೊಬ್ಬರು ತೆಗೆದ ಫೋಟೋವನ್ನು ನೋಡಿ ಬರೆದ ಚಿತ್ರವನ್ನು ಕಳುಹಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಫೋಟೋದ ಮೇಲೆ ಹಕ್ಕು ಇರುವುದು ನಿಮಗಲ್ಲ.

ಆಯ್ಕೆಯಾಗದೆ ಇದ್ದುದರಿಂದ ಚಿತ್ರ ಕೆಟ್ಟದ್ದೆಂದು ತೀರ್ಮಾನಿಸಬೇಡಿ. 1935ರಲ್ಲಿ ಸಿಮ್ಲಾದ ಫೈನ್ ಆರ್ಟ್ಸ್ ಸೊಸೈಟಿ ಕಲಾವಿದೆ ಅಮೃತಾ ಶೇರ್‌ಗಿಲ್ ಕಳುಹಿಸಿದ ಚಿತ್ರಗಳಲ್ಲಿ ಕೆಲವನ್ನು ತಿರಸ್ಕರಿಸಿ, ಇನ್ನೊಂದಕ್ಕೆ ಬಹುಮಾನ ಕೊಟ್ಟಿತು. ಆಕೆ ಆ ಬಹುಮಾನವನ್ನೇ ನಿರಾಕರಿಸಿದರು. ಅದೇ ವರ್ಷ ಬರೆದ ‘ಮೂವರು ಹುಡುಗಿಯರು’ ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂದಿತು. ಆ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಹುಡುಕಿ ನೋಡಿ. ಸುಮ್ಮನೆ ಕುಳಿತ ಮೂವರು, ಬಾಗಿದ ನೋಟ, ವಿವರಗಳೇ ಇಲ್ಲದ ಹಿನ್ನೆಲೆ. ನಿಮ್ಮ ಮಗ್ಗದ ಕೋಣೆಯಿಂದ ಕ್ಯಾಲೆಂಡರನ್ನೂ ಕಿಟಕಿಯನ್ನೂ ತೆಗೆದುಹಾಕುವ ಧೈರ್ಯ ಅದರಿಂದ ಬಂದೀತು.

ಚಿತ್ರ ಆಯ್ಕೆಯಾಗಿ ಮೂಲಕೃತಿ ಕಳುಹಿಸುವ ಹೊತ್ತಿಗೆ ಚೌಕಟ್ಟು ಸರಳವಾಗಿರಲಿ. ತೆಳುವಾದ ಮರದ ಪಟ್ಟಿ ಸಾಕು, ಕೆತ್ತನೆಯ ಹೊಂಬಣ್ಣದ ಫ್ರೇಮು ಬೇಡ. ಗಾಜು ಹಾಕಲೇಬೇಕಾದ ಜಲವರ್ಣಕ್ಕೂ ಗಾಜಿನ ಬದಲು ಪಾರದರ್ಶಕ ಆಕ್ರಿಲಿಕ್ ಪ್ಲಾಸ್ಟಿಕ್ ಹಾಳೆಯೇ ಸುರಕ್ಷಿತ. ಚಿತ್ರದ ಮೇಲೆ ಮೊದಲು ಬಟರ್ ಪೇಪರ್ ಇಟ್ಟು, ಆಮೇಲೆ ಬಬಲ್ ರ‍್ಯಾಪನ್ನು ಗುಳ್ಳೆಗಳು ಹೊರಮುಖವಾಗುವಂತೆ ಸುತ್ತಬೇಕು. ಗುಳ್ಳೆಗಳು ಒಳಗೆ ಬಂದರೆ ಬಿಸಿಲಿಗೆ ಮೆತ್ತಗಾದ ಬಣ್ಣದ ಮೇಲೆ ಅವುಗಳ ಅಚ್ಚು ಬೀಳುತ್ತದೆ. ಪೆಟ್ಟಿಗೆಗೆ ಮೊಳೆ ಹೊಡೆಯಿಸದೆ ಸ್ಕ್ರೂ ಹಾಕಿಸಿದರೆ ಅಲ್ಲಿ ಬಿಚ್ಚಿ, ಅದರಲ್ಲಿಯೇ ಮರಳಿ ತುಂಬಬಹುದು. ಚಿತ್ರದ ಹಿಂದೆ ನಿಮ್ಮ ಹೆಸರು, ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ ಮತ್ತು ಮೇಲ್ಭಾಗ ಯಾವುದೆಂಬ ಗುರುತನ್ನು ಬರೆದಿಡಿ.

ಬೆಲೆಯ ಪ್ರಶ್ನೆಗೆ ಬರುತ್ತೇನೆ. ಕ್ಯಾನ್ವಾಸು, ಬಣ್ಣ, ಚೌಕಟ್ಟು, ಸಾಗಣೆಯ ಖರ್ಚನ್ನು ಕೂಡಿಸಿ, ಕೆಲಸ ಮಾಡಿದ ದಿನಗಳಿಗೆ ನಿಮ್ಮ ಊರಿನ ನುರಿತ ನೇಕಾರರ ದಿನಗೂಲಿಗಿಂತ ಕಡಿಮೆಯಿಲ್ಲದಂತೆ ಕೂಲಿ ಹಾಕಿಕೊಳ್ಳಿ. ಸಂಸ್ಥೆ ಕಮಿಷನ್ ತೆಗೆದುಕೊಳ್ಳುವುದಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಬಂದ ಮೊತ್ತವನ್ನು ಮೂರೂ ಚಿತ್ರಗಳಿಗೆ ಸಮನಾಗಿ ಬರೆಯಿರಿ, ಏಕೆಂದರೆ ಒಂದೇ ಅಳತೆಯ, ಒಂದೇ ಮಾಧ್ಯಮದ ಚಿತ್ರಗಳಿಗೆ ಬೇರೆ ಬೇರೆ ಬೆಲೆಯಿದ್ದರೆ ಕೊಳ್ಳುವವರು ಅನುಮಾನಿಸುತ್ತಾರೆ. ಮನೆಯವರು ಯಾವುದಾದರೂ ಚಿತ್ರವನ್ನು ಉಳಿಸಿಕೊಳ್ಳಬೇಕೆಂದಿದ್ದರೆ, ಅರ್ಜಿಯ ಬೆಲೆಯ ಜಾಗದಲ್ಲಿ ‘ಮಾರಾಟಕ್ಕಿಲ್ಲ’ ಎಂದು ಬರೆಯಲು ನಿಯಮಾವಳಿಯಲ್ಲಿ ಅವಕಾಶವಿದೆಯೇ ಎಂದು ನೋಡಿಕೊಂಡು ಹಾಗೆಯೇ ಬರೆಯಿರಿ. ಆದರೆ ವಿಮೆಗಾಗಿ ಒಂದು ಮೌಲ್ಯವನ್ನು ಪ್ರತ್ಯೇಕವಾಗಿ ಕೇಳಿದ್ದಲ್ಲಿ ಆ ಅಂಕಣವನ್ನು ಖಾಲಿ ಬಿಡಬೇಡಿ.